ಪರದೆಯ ಹಿಂದಿನ ಪದ್ಮತ್ತಿ

ಮಗಳಿಗೆ ಸ್ವೆಟರು ಬೇಕಿತ್ತು. ಮೊನ್ನೆ ಅದಕ್ಕಾಗಿ ಟ್ರಂಕು ತೆಗೆದೆ. ಸ್ವೆಟರು ಸಿಗಲಿಲ್ಲ. ನಮ್ಮ ಮನೆಯ ಟ್ರಂಕಿನ ಸ್ವಭಾವವೇ ಅಂಥದು. ಕೇಳಿದ್ದನ್ನು ಕೊಡುವುದಿಲ್ಲ, ತನಗೆ ತೋಚಿದ್ದನ್ನು ಕೊಡುತ್ತದೆ. ಹಳೆಯ ಸೀರೆಗಳು, ಒಂದು ಕಾಲಿನ ಕಾಲುಚೀಲ, ಡಾಂಬರ ಗುಳಿಗೆಯ ವಾಸನೆ, ಇವೆಲ್ಲದರ ಕೆಳಗೆ ಎರಡು ಕರಿಯ ಕೈಗವಸು ಸಿಕ್ಕವು. ಮೊಣಕೈ ದಾಟಿ ಮೇಲೆ ಬರುವಷ್ಟು ಉದ್ದದವು.

ಮಗಳು ಒಂದನ್ನು ಎತ್ತಿ ಹಿಡಿದು, "ಅವ್ವಾ, ಸ್ಕೂಟಿ ಹೊಡಿಯಾಕ ಹಾಕ್ಕೋತಾರಲ್ಲ, ಅವೇನ ಇವು?" ಎಂದಳು.

ಅವಳ ತಪ್ಪಲ್ಲ. ಹುಕ್ಕೇರಿಯ ಬಿಸಿಲಿಗೆ ಹೆದರಿ ಕಾಲೇಜಿನ ಹುಡುಗಿಯರೆಲ್ಲ ಈಗ ಅಂಥವನ್ನೇ ಹಾಕಿಕೊಂಡು ಗಾಡಿ ಓಡಿಸುತ್ತಾರೆ.

"ಅಲ್ಲ. ಇವು ಕ್ಲಬ್ಬಿನ್ಯಾಗ ಹಾಡಾಕ," ಎಂದೆ.

ಪೇಪರು ಓದುತ್ತಿದ್ದ ನನ್ನ ಗಂಡ ಪೇಪರು ಕೆಳಗಿಳಿಸಿದರು. "ಯಾರ ಹಾಡಿದ್ರು ಕ್ಲಬ್ಬಿನ್ಯಾಗ?"

"ನಾನ."

ಅವರು ಪೇಪರನ್ನು ಮತ್ತೆ ಮೇಲಕ್ಕೆತ್ತಿದರು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಯಾವ ಮಾತಿಗೆ ಪೇಪರು ಅಡ್ಡ ಹಿಡಿಯಬೇಕು ಅನ್ನುವುದು ಗಂಡಸರಿಗೆ ಚೆನ್ನಾಗಿ ತಿಳಿದಿರುತ್ತದೆ.

ನಾನು ಹೇಳಿದ್ದು ಸುಳ್ಳು ಅಂತ ನಿಮಗಾದರೂ ಹೇಳಿಬಿಡುತ್ತೇನೆ. ಅದು ಕ್ಲಬ್ಬಲ್ಲ, ಹಾಡಿದವಳು ನಾನೂ ಅಲ್ಲ. ಕೈಗವಸು ಹಾಕಿಕೊಂಡವಳು ಮಾತ್ರ ನಾನು.

ನನ್ನ ತವರು ಮೂಡಲಗಿಯ ಹತ್ತಿರದ ಕಲ್ಲೋಳಿ. ಆಗ ನಾನು ಏಳನೆಯ ಇಯತ್ತೆಯಲ್ಲಿದ್ದೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ ಮತ್ತು ಅಪ್ಪನ ತಂಗಿ ಪದ್ಮತ್ತಿ. ಪದ್ಮತ್ತಿಗೆ ಇಪ್ಪತ್ತೆಂಟು ದಾಟಿತ್ತು, ಮದುವೆ ಆಗಿರಲಿಲ್ಲ. ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಕುಬಸ, ನಮ್ಮಂಥವರ ಫ್ರಾಕು ಹೊಲಿಯುತ್ತಿದ್ದಳು. ಅವಳು ಮಾತಾಡುತ್ತಿದ್ದದ್ದು ಕಡಿಮೆ. ಮಾತಾಡಿದರೆ ಮಾತ್ರ ಪಕ್ಕದ ಕೋಣೆಯಲ್ಲಿದ್ದವರು ಯಾರೋ ಗಂಡಸರು ಬಂದರೇನೋ ಎಂದು ಸೆರಗು ಸರಿಪಡಿಸಿಕೊಳ್ಳಬೇಕು, ಅಷ್ಟು ದಪ್ಪ ದನಿ. ಬಾವಿಯೊಳಗೆ ಕೊಡ ಬಿಟ್ಟಾಗ ಆಗುತ್ತದಲ್ಲ, ಆ ತರಹದ ಸದ್ದು.

ಅವಳು ಹದಿನೇಳರವಳಿದ್ದಾಗ ಕನ್ಯಾ ನೋಡಲು ಒಂದು ಮನೆತನದವರು ಬಂದಿದ್ದರಂತೆ. ಹುಡುಗಿಗೆ ಹಾಡು ಬರುತ್ತದೇನು ಎಂದು ಕೇಳಿದರು. ಬಸದಿಯಲ್ಲಿ ಹಾಡುವ ಒಂದು ಪದ ಹಾಡಿದಳು. ವರನ ಕಾಕಾ ಅವಲಕ್ಕಿ ತಿನ್ನುತ್ತಾ, "ಒಳಗ ಯಾರೋ ಗಂಡಸೂರು ಹಾಡಾಕತ್ತಾರೇನ್ರಿ?" ಅಂದನಂತೆ. ಹುಡುಗಿ ಅವನ ಎದುರಿಗೇ ಕೂತಿದ್ದಳು. ಬಂದವರೆಲ್ಲ ನಕ್ಕರು. ನಮ್ಮ ಮನೆಯವರೂ ಸ್ವಲ್ಪ ನಕ್ಕರಂತೆ, ಬೀಗರ ಎದುರು ಬಿಗಿದುಕೊಂಡಿರಲು ಆಗದೆ. ಆ ಸಂಬಂಧ ಮುರಿಯಿತು. ಪದ್ಮತ್ತಿ ಅಂದಿನಿಂದ ಹಾಡಲಿಲ್ಲ. ಬಸದಿಯಲ್ಲಿ ಎಲ್ಲರೂ ಹಾಡುವಾಗ ಬರಿ ತುಟಿ ಆಡಿಸುತ್ತಿದ್ದಳು. ಆಯಿ ಮಾತ್ರ ಛಲ ಬಿಡದೆ ದನಿ ತೆಳ್ಳಗಾಗಲಿ ಎಂದು ಅವಳಿಗೆ ಜ್ಯೇಷ್ಠಮಧು ತಿನ್ನಿಸಿದಳು, ಶುಂಠಿ ಬೆಲ್ಲ ತಿನ್ನಿಸಿದಳು. ದನಿ ತೆಳ್ಳಗಾಗಲಿಲ್ಲ, ಪದ್ಮತ್ತಿಯ ಹಲ್ಲು ಮಾತ್ರ ಹುಳುಕಾದವು.

ಈಗ ಈ ಕೈಗವಸಿಗೆ ಕಾರಣವಾದ ಪಿಕ್ಚರಿನ ಸುದ್ದಿಗೆ ಬರುತ್ತೇನೆ.

ನಮ್ಮ ದಾಯಾದಿಗಳ ಮನೆಯ ಮದುವೆಯ ಕ್ಯಾಸೆಟ್ ತಯಾರಾಗಿ ಬಂದಿತ್ತು. ಅದನ್ನು ನೋಡುವುದಕ್ಕೆಂದು ಮೂಡಲಗಿಯಿಂದ ಒಂದು ದಿನದ ಮಟ್ಟಿಗೆ ವಿಸಿಆರ್ ತರಿಸಿದ್ದರು. ಮದುವೆಯ ಕ್ಯಾಸೆಟ್ ನೋಡುವುದೆಂದರೆ ಏನು, ತಮ್ಮ ತಮ್ಮ ಮುಖ ನೋಡಿಕೊಳ್ಳುವುದು. ತಾವು ಊಟ ಮಾಡುವುದನ್ನು ತಾವೇ ನೋಡಿ, "ಇಷ್ಟ ದೊಡ್ಡ ತುತ್ತ ಯಾಕ ಇಟ್ಟೆ ಮಾರಾಯಾ," ಎಂದು ಬೇಜಾರು ಮಾಡಿಕೊಂಡು ಎಲ್ಲರೂ ಎದ್ದುಹೋದರು. ವಿಸಿಆರ್ ತಂದವನು ಜೊತೆಗೆ ಇನ್ನೊಂದು ಕ್ಯಾಸೆಟ್ಟನ್ನೂ ಇಟ್ಟುಹೋಗಿದ್ದ, ಯಾರೂ ಕೇಳದ ಹಳೆಯ ಕರಿಬಿಳಿ ಹಿಂದಿ ಪಿಕ್ಚರು. ಮಧ್ಯಾಹ್ನ ನಾನು, ಪದ್ಮತ್ತಿ, ಆಯಿ ಮೂವರು ಶೇಂಗಾ ಒಡೆಯುತ್ತಾ ಅದನ್ನು ಹಚ್ಚಿದೆವು.

ಕತೆ ಇಷ್ಟು. ಒಂದು ದೊಡ್ಡ ಊರು. ಅಲ್ಲಿ ಯಾವಾಗಲೂ ಕತ್ತಲೆ, ಯಾವಾಗಲೂ ರಸ್ತೆ ಒದ್ದೆ. ಒಂದು ಕ್ಲಬ್ಬು. ಅದರ ಮಾಲೀಕ ಬಿಳಿ ಕೋಟಿನವನು, ಖೂನಿ ಮಾಡಿಸುವವನು. ಅವನ ಕೈಕೆಳಗೆ ಹಾಡುವ ಹೆಂಗಸು ಒಬ್ಬಳು. ಕರಿಯ ಉದ್ದ ಗೌನು, ಮೊಣಕೈ ಮೇಲಿನ ತನಕ ಕರಿಯ ಕೈಗವಸು. ಒಬ್ಬ ಸಾಧು ಹೀರೋ, ಅವನ ತಲೆಯ ಮೇಲೆ ಮಾಲೀಕ ಮಾಡಿಸಿದ ಒಂದು ಖೂನಿಯ ಆರೋಪ. ಅವನು ನಿರಪರಾಧಿ ಅನ್ನುವುದು ಈ ಹಾಡುವವಳಿಗೊಬ್ಬಳಿಗೇ ಗೊತ್ತು. ಹೀರೋನಿಗೆ ಮನೆಯಲ್ಲಿ ಸೀರೆ ಉಟ್ಟು ತುಳಸಿಗೆ ನೀರು ಹಾಕುವ ಹುಡುಗಿ ಬೇರೆ ಇದ್ದಾಳೆ.

ಪರದೆಯ ತುಂಬ ಸಿಗರೇಟಿನ ಹೊಗೆ. ಆಯಿ ಗಾಬರಿಯಾಗಿ, "ಟಿವಿ ಸುಡಾಕತ್ತೈತಿ ನೋಡ್ರವಾ," ಎಂದಳು. ಅದು ಕ್ಲಬ್ಬು ಎಂದು ನಾನು ತಿಳಿಸಿ ಹೇಳಿದೆ. ಆಯಿಗೆ ಗೊತ್ತಿದ್ದ ಕ್ಲಬ್ಬು ಒಂದೇ, ಬಸ್‌ಸ್ಟ್ಯಾಂಡಿನ ಹಿಂದೆ ಇಸ್ಪೀಟು ಆಡುವುದು. "ಆ ಕ್ಲಬ್ಬಿಗೆ ಈಕಿ ಯಾಕ ಹೋಗ್ಯಾಳ? ಗಂಡನ್ನ ಕರಿಯಾಕ ಬಂದಾಳೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೋಡೆಗೆ ಒರಗಿ ನಿದ್ದೆ ಹೋದಳು.

ಆಗ ಆ ಹೆಂಗಸು ಹಾಡಲು ಶುರುಮಾಡಿದಳು. ನಗಲಿಲ್ಲ, ಕುಣಿಯಲಿಲ್ಲ, ಕಂಬಕ್ಕೆ ಆತು ನಿಂತಳು ಅಷ್ಟೇ. ದನಿ ದಪ್ಪ ಇತ್ತು. ನಾವು ರೇಡಿಯೋದಲ್ಲಿ ಕೇಳುತ್ತಿದ್ದ ಜೇನಿನಂಥ ದನಿಯಲ್ಲ. ಪದ್ಮತ್ತಿಯ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ಕ್ಲಬ್ಬಿನಲ್ಲಿ ಕೂತ ಗಂಡಸರೆಲ್ಲ ಗ್ಲಾಸು ಕೆಳಗಿಟ್ಟು ಕೇಳುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

"ಇಂಥಾ ದನಿ ಕೇಳಾಕ ಕುಂತಾರ ಅಲ್ಲ," ಎಂದಳು ಪದ್ಮತ್ತಿ, ನನಗಲ್ಲ, ಟಿವಿಗೆ.

ಕೊನೆಗೆ ಹೀರೋನ ಕಡೆಗೆ ಹಾರಿದ ಗುಂಡಿಗೆ ಆ ಹಾಡುವವಳು ಅಡ್ಡ ಬಂದು ಸತ್ತಳು. ಸಾಯುವ ಮುಂಚೆ ಪೊಲೀಸರಿಗೆ ಎಲ್ಲ ನಿಜ ಹೇಳಿದಳು. ಹೀರೋ ಸೀರೆಯವಳ ಕೈ ಹಿಡಿದು ಹೊರಟ. ನಾನು ಗೊಳೋ ಎಂದು ಅತ್ತೆ. ಪದ್ಮತ್ತಿ ಅಳಲಿಲ್ಲ, ಸಿಟ್ಟಿಗೆದ್ದಳು. "ಹಾಡಾಕಿ ಯಾಕ ಸಾಯಬೇಕ? ಅಷ್ಟ ಚೊಲೊ ಹಾಡ್ತಿದ್ಲು. ಆ ಸೀರಿ ಉಟ್ಟಾಕಿಗೆ ಬಾಯಾಗ ಒಂದ ಮಾತರ ಇತ್ತೇನು?" ಎಂದು ಶೇಂಗಾ ಸಿಪ್ಪೆಯನ್ನು ಅಂಗಳಕ್ಕೆ ಎಸೆದು ಬಂದಳು.

ನನಗೆ ಆ ಪಿಕ್ಚರಿನ ಹುಚ್ಚು ಹಿಡಿಯಿತು. ಕನ್ನಡಿಯ ಎದುರು, ಹಿತ್ತಲಿನಲ್ಲಿ, ಎಮ್ಮೆಯ ಎದುರು, ಎಲ್ಲಿ ನೋಡಿದರೂ ನಾನು ಕಂಬಕ್ಕೆ ಆತು ನಿಲ್ಲುತ್ತಿದ್ದೆ. ನೋಡಲು ಹೇಗಿದ್ದೆ ಎಂದು ಕೇಳಬೇಡಿ. ಕೊಕ್ಕೆಯಂಥ ಮೈ, ಎಣ್ಣೆ ಸುರಿಯುವ ಎರಡು ಜಡೆ, ಬಾಗಿಲಲ್ಲಿ ಬಾಲ ಸಿಕ್ಕ ಬೆಕ್ಕಿನ ದನಿ. ಅಷ್ಟರಲ್ಲಿ ಸಾಲೆಯ ಗ್ಯಾದರಿಂಗ್ ಬಂತು. ವರ್ಷಕ್ಕೊಮ್ಮೆ ಹುಡುಗರು ಊರವರ ಎದುರು ಹಾಡಿ ಕುಣಿಯುವ ಕಾರ್ಯಕ್ರಮ. ನಮ್ಮ ಅಕ್ಕಾರು, ಅಂದರೆ ಕ್ಲಾಸ್ ಟೀಚರು, "ನೀ ಏನ ಮಾಡ್ತಿ?" ಎಂದು ಕೇಳಿದಾಗ "ಕ್ಲಬ್ಬಿನ ಹಾಡ್ರಿ" ಎಂದೆ. ಅಕ್ಕಾರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಡು" ಎಂದಷ್ಟೇ ಬರೆದುಕೊಂಡರು. ದೊಡ್ಡ ಮನಸ್ಸಿನವರು.

ಗೆಳತಿಯೊಬ್ಬಳು ಅದೇ ವಾರ ನನ್ನ ಎದೆ ಒಡೆಯುವ ಸುದ್ದಿ ಹೇಳಿದಳು. ಪಿಕ್ಚರಿನಲ್ಲಿ ಕಾಣುವವರು ಹಾಡುವುದಿಲ್ಲ, ಬರಿ ಬಾಯಿ ಆಡಿಸುತ್ತಾರೆ, ಹಾಡುವವರು ಬೇರೆ ಎಲ್ಲೋ ಒಳಗೆ ಇರುತ್ತಾರೆ. ಆ ಕರಿ ಗೌನಿನವಳೂ ಹಾಗೆಯೇ ಎಂದು ತಿಳಿದು ಒಂದು ದಿನ ಊಟ ಬಿಟ್ಟೆ. ಎರಡನೆಯ ದಿನ ತಲೆ ಓಡಿತು.

"ಪದ್ಮತ್ತಿ, ನೀ ಒಳಗ ಕುಂತು ಹಾಡ. ನಾ ಹೊರಗ ಬಾಯಿ ಆಡಸ್ತೇನಿ."

ಅವಳು ಮಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ. "ಹೋಗ, ಅಭ್ಯಾಸ ಮಾಡ್ಕೊ ಹೋಗ," ಎಂದಳು. ನನ್ನ ಪಾಲಿಗೆ ಆ ಮಾತು ಅಲ್ಲಿಗೆ ಮುಗಿಯಿತು. ಎರಡು ದಿನ ಬಿಟ್ಟು ಸಾಲೆಯಿಂದ ಬಂದಾಗ ಅಟ್ಟದ ಮೇಲಿದ್ದ ಅಜ್ಜನ ಕಾಲದ ಹರಕು ಛತ್ರಿ ಅಸ್ಥಿಪಂಜರವಾಗಿ ಅಂಗಳದಲ್ಲಿ ಬಿದ್ದಿತ್ತು. ಮಷಿನ್ ಮೇಲೆ ಈ ಎರಡು ಕೈಗವಸು. ಛತ್ರಿಯ ಬಟ್ಟೆಯನ್ನು ನನ್ನ ಕೈಯ ಅಳತೆಗೆ ಹೊಲಿದಿದ್ದಳು.

"ಯಾರಿಗೂ ಹೇಳಬಾರದ. ಆಯಿಗೂ ಹೇಳಬಾರದ," ಎಂದಳು.

ಹಿಂದಿ ಹಾಡಿನ ಮಾತು ಇಬ್ಬರಿಗೂ ನೆನಪಿರಲಿಲ್ಲ. ಪದ್ಮತ್ತಿ ಆ ಧಾಟಿಗೆ ಹೋಲುವ ಒಂದು ಧಾಟಿ ಹಿಡಿದು ತಾನೇ ಮಾತು ಕಟ್ಟಿದಳು. ಸೂಜಿಗೆ ದಾರ ಪೋಣಿಸುತ್ತಾ ಕಟ್ಟಿದ್ದು:

ಎಲ್ಲಾರು ಮಲಗ್ಯಾರ, ದೀಪಾನು ಮಲಗೈತಿ
ನಾನೊಬ್ಬಾಕಿ ಎಚ್ಚರ, ನನ ಕೂಡ ದನಿ ಎಚ್ಚರ.

ಹಿತ್ತಲಿನ ಹುಲ್ಲಿನ ಬಣವೆಯ ಹಿಂದೆ ಅಭ್ಯಾಸ. ಅವಳು ಪಿಸುಮಾತಿನಲ್ಲಿ ಹಾಡುವುದು, ನಾನು ಬಾಯಿ ಆಡಿಸುವುದು. ಪೂರ್ತಿ ದನಿ ತೆಗೆದು ಅವಳು ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಗ್ಯಾದರಿಂಗ್ ಇದ್ದದ್ದು ಮಧ್ಯಾಹ್ನ ಮೂರಕ್ಕೆ. ನಮ್ಮೂರಲ್ಲಿ ಜೈನರ ಮನೆಗಳು ಬಹಳ. ಹೊತ್ತು ಮುಳುಗುವ ಮೊದಲು ಊಟ ಆಗಬೇಕಾದ್ದರಿಂದ ಕಲೆಗೂ ಅಷ್ಟರೊಳಗೆ ಮುಗಿಯುವ ಶಿಸ್ತು ಇತ್ತು. ಬೆಂಚು ಕೂಡಿಸಿ ಮಾಡಿದ ಸ್ಟೇಜು, ಸೀರೆಗಳ ಪರದೆ. ಕೊಣ್ಣೂರಿನಿಂದ ಮೈಕಿನ ನೇಮಣ್ಣ ಬಂದಿದ್ದ. ಸುತ್ತಲಿನ ಊರುಗಳ ಮದುವೆ ಮುಂಜಿವೆಗಳಿಗೆಲ್ಲ ಮೈಕು ಹಚ್ಚುವವನು. ಮಂದಿಯ ಮದುವೆಗೆ ಮೈಕು ಹಚ್ಚಿ ಹಚ್ಚಿ ತನ್ನ ಮದುವೆ ಮರೆತಿದ್ದಾನೆ ಎಂದು ಊರವರು ಅವನನ್ನು ಚೇಷ್ಟೆ ಮಾಡುತ್ತಿದ್ದರು. ಎರಡು ಮೈಕು ಇಟ್ಟಿದ್ದ. ಒಂದು ಸ್ಟೇಜಿನ ಮೇಲೆ, ಇನ್ನೊಂದು ಹೆಸರು ಕೂಗುವ ಅಕ್ಕಾರಿಗಾಗಿ ಪರದೆಯ ಹಿಂದೆ. ಅಕ್ಕಾರಿಗೆ ಮಾತ್ರ ನಮ್ಮ ಗುಟ್ಟು ಹೇಳಿದ್ದೆವು. ಪದ್ಮತ್ತಿ ಸಾಲೆಯ ಹಿಂಬಾಗಿಲಿನಿಂದ ಬಂದು ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತಳು.

ನಾನು ಹೊರಗೆ ಬಂದೆ. ಅವ್ವನ ಕರಿಯ ಲಂಗ ಬಗಲ ತನಕ ಕಟ್ಟಿ, ಅಪ್ಪನ ಬಿಸಿಲುಕನ್ನಡಕ ಹಾಕಿ, ಈ ಕೈಗವಸು ತೊಟ್ಟು ಕಂಬಕ್ಕೆ ಆತು ನಿಂತೆ. ಕಂಬವೆಂದರೆ ಪರದೆ ಕಟ್ಟಿದ ಬೊಂಬು, ಅದು ಸ್ವಲ್ಪ ವಾಲಿತು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದ ಆಯಿ, "ಯಾರ ಮಗಳವಾ ಇದು, ಗುಬ್ಬಿ ಮಳ್ಯಾಗ ತೊಯ್ದಂಗ ಐತಿ," ಎಂದದ್ದು ನನಗೇ ಕೇಳಿಸಿತು.

ಆಮೇಲೆ ದನಿ ಬಂತು.

ಅದನ್ನು ಹೇಗೆ ಹೇಳಲಿ. ಕಬ್ಬಿನ ಗದ್ದೆಗೆ ನೀರು ಹಾಯಿಸಿದಾಗ ಒಣಗಿದ ಕಾಲುವೆಯಲ್ಲಿ ಮೊದಲ ನೀರು ಬರುವುದನ್ನು ನೀವು ನೋಡಿರಬೇಕು. ಅವಸರ ಇಲ್ಲ, ತಡೆಯಲು ಆಗುವುದೂ ಇಲ್ಲ. ಹಾಗೆ ಬಂತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಮಾವಿನ ಗಿಡದ ಮೇಲೆ ಕೂತ ಹುಡುಗರೂ ಸುಮ್ಮನಾದರು. ಮೊದಲ ಎರಡು ಸಾಲಿನ ತನಕ ನಾನು ಬಾಯಿ ಆಡಿಸಿದ್ದು ನೆನಪಿದೆ. ಮೂರನೆಯದಕ್ಕೆ ನಾನೂ ಕೇಳುತ್ತಾ ನಿಂತುಬಿಟ್ಟೆ. ನಿಂತದ್ದಷ್ಟೇ ಅಲ್ಲ, ಈ ದನಿ ನಿಜವಾಗಿ ನಮ್ಮ ಪದ್ಮತ್ತಿಯದೇ ಏನು ಎಂದು ಪೂರ್ತಿ ಹಿಂದಕ್ಕೆ ತಿರುಗಿ ಪರದೆಯ ಕಡೆ ನೋಡಿದೆ.

ಎಲ್ಲರಿಗೂ ಗೊತ್ತಾಯಿತು. ಯಾರೋ ಕಿಸಕ್ಕೆಂದರು. "ಒಳಗ ಯಾರ ಅದಾರ?" ಎಂದು ಒಂದು ಗಂಡು ದನಿ ಕೇಳಿತು. ಪರದೆಯ ಹಿಂದೆ ಹಾಡು ಅರ್ಧಕ್ಕೆ ನಿಂತಿತು.

ನನಗಂತೂ ಆ ಪಿಕ್ಚರಿನ ಗುಂಡು ಹಾರಿದ ಹಾಗೆ ಆಗಿತ್ತು, ಹಾರಿಸಿದವಳು ನಾನು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಆಯಿ ಎದ್ದು ನಿಂತಳು. ಮೊಣಕಾಲು ನೋವಿನವಳು, ಅಕ್ಕಪಕ್ಕದವರ ಹೆಗಲು ಹಿಡಿದು ಎದ್ದಳು.

"ಪದ್ದೀ, ಅರ್ಧಕ್ಕ ಬಿಡಬ್ಯಾಡ. ಮುಂದಿಂದು ಹಾಡ," ಎಂದಳು.

ಪರದೆ ಸ್ವಲ್ಪ ಅಲುಗಾಡಿತು. ಆಮೇಲೆ ಪದ್ಮತ್ತಿ ಮುಂದಿನದನ್ನು ಹಾಡಿದಳು, ಕೊನೆಯ ತನಕ. ಆಯಿ ಅಷ್ಟೂ ಹೊತ್ತು ನಿಂತೇ ಇದ್ದಳು. ಚಪ್ಪಾಳೆ ಬಿತ್ತು. ಪದ್ಮತ್ತಿ ಹೊರಗೆ ಬರಲಿಲ್ಲ. ಎರಡು ಸಲ ಬಗ್ಗಿ ನಮಸ್ಕಾರ ಮಾಡಿ ಆ ಚಪ್ಪಾಳೆ ತೆಗೆದುಕೊಂಡವಳು ನಾನು. ನಾಚಿಕೆಯಿಲ್ಲದ ವಯಸ್ಸು.

ಮನೆಗೆ ಬಂದ ಮೇಲೆ ಪದ್ಮತ್ತಿ ನನ್ನ ಜೊತೆ ಮಾತು ಬಿಟ್ಟಳು. ನಾನು ತಿರುಗಿ ನೋಡಿದ್ದೇ ತಪ್ಪು. ಹಾಗೆ ಮೂರು ದಿನ. ಆ ಮೂರು ದಿನಗಳಲ್ಲಿ ನಾನು ಆಯಿಯ ಬೆನ್ನು ಬಿದ್ದು, "ನೀ ಯಾಕ ಎದ್ದ ನಿಂತಿ?" ಎಂದು ಕೇಳಿದ್ದೆ. ಆಯಿ ಬತ್ತಿ ಹೊಸೆಯುತ್ತಿದ್ದಳು.

"ಅದು ನಿಮ್ಮ ಅಜ್ಜನ ದನಿ," ಎಂದಳು. "ಬಸದ್ಯಾಗ ಅವರು ಹಾಡಿದ್ರ ಹಿಂಗ ಇರ್ತಿತ್ತು. ಪದ್ದಿ ತೊಟ್ಟಲದಾಗ ಇದ್ದಾಗ ಹೋದರ. ಇಷ್ಟ ವರ್ಷ ಆಕಿ ಮಾರಿ ನೋಡಕೋತ ಕೇಳೇನಿ, ಗೊತ್ತ ಆಗಿರಲಿಲ್ಲ. ಅವತ್ತ ಮಾರಿ ಕಾಣಲಿಲ್ಲ ನೋಡ, ಬರಿ ದನಿ ಬಂತು." ಬತ್ತಿ ಹೊಸೆಯುತ್ತಲೇ, "ಅಂಥಾ ದನಿಗೆ ನಾ ಜೇಷ್ಠಮಧ ತಿನ್ನಿಸಿದ್ನೆವಾ," ಎಂದಳು. ಅವಳ ಕೈಯಲ್ಲಿದ್ದ ಬತ್ತಿ ಅಗತ್ಯಕ್ಕಿಂತ ಉದ್ದವಾಗುತ್ತಿತ್ತು.

ನಾಲ್ಕನೆಯ ದಿನ ಮೈಕಿನ ನೇಮಣ್ಣ ಸೈಕಲ್ ಮೋಟಾರಿನ ಮೇಲೆ ಬಂದ. ಅಪ್ಪನ ಹತ್ತಿರ ಏನೋ ಕೆಲಸ ಇರಬೇಕೆಂದುಕೊಂಡೆವು. ಅವನು ಅಂಗಳದಲ್ಲೇ ನಿಂತು, "ಹಾಡಿದವರಿಗೆ ಇದನ್ನ ಕೊಡಾಕ ಬಂದಿದ್ನಿರಿ," ಎಂದು ಒಂದು ಕ್ಯಾಸೆಟ್ ಮುಂದೆ ಹಿಡಿದ. ಗ್ಯಾದರಿಂಗಿನ ಹಾಡುಗಳನ್ನು ಅವನು ಟೇಪ್ ಮಾಡಿಕೊಂಡಿದ್ದನಂತೆ.

ಅಪ್ಪ ಟೇಪ್‌ರೆಕಾರ್ಡರು ಹಚ್ಚಿದ. ಪದ್ಮತ್ತಿ ಮಷಿನ್ ಬಿಟ್ಟು ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸೀಟಿ, ಕೂಗಾಟ, ನನ್ನ ಮೇಲಿನ ನಗು, ಆಮೇಲೆ ಅವಳ ದನಿ. ತನ್ನ ದನಿಯನ್ನು ಹೊರಗಿನಿಂದ ಅವಳು ಕೇಳಿದ್ದು ಅದೇ ಮೊದಲು. ಹಾಡು ನಿಂತಾಗ ಉಸಿರು ಹಿಡಿದಳು, ತನ್ನದೇ ಹಾಡು ಮುಂದೆ ಬರುತ್ತದೋ ಇಲ್ಲವೋ ಗೊತ್ತಿಲ್ಲದವಳ ಹಾಗೆ. ಆಯಿಯ ಮಾತೂ ಅದರಲ್ಲಿತ್ತು. ಎಲ್ಲ ಮುಗಿದ ಮೇಲೆ, "ಇದು ನಂದನ?" ಎಂದು ಕೇಳಿದಳು.

"ನಿಮ್ದ ರಿ," ಎಂದ ನೇಮಣ್ಣ. ಅವನು ನೆಲ ನೋಡುತ್ತಾ ಮಾತಾಡುವವನು. "ಹದಿನೈದ ವರ್ಷ ಆತ್ರಿ ನಾ ಮೈಕ ಹಚ್ಚಾಕ ಹತ್ತಿ. ಎಂಥೆಂಥಾವರ ಹಾಡ್ತಾರ, ನನ್ನ ಕೈ ಬಟನ್ ಮ್ಯಾಲ ಇರಬೇಕ್ರಿ. ಸ್ವಲ್ಪ ಬಿಟ್ರ ಕುಂಯ್ ಅಂತೈತಿ. ನೀವ ಹಾಡೂಮುಂದ ನಾ ಬಟನ್ ಮುಟ್ಟಲೇ ಇಲ್ರಿ."

ಪದ್ಮತ್ತಿ ಒಳಗೆ ಹೋಗಿ ಅವನಿಗೆ ಚಹಾ ತಂದಳು. ಹೋಗುವಾಗ ದಾರಿಯಲ್ಲಿದ್ದ ನನ್ನ ಜಡೆಯನ್ನು ಒಮ್ಮೆ ಎಳೆದಳು. ನಮ್ಮ ಜಗಳ ಅಲ್ಲಿಗೆ ಮುಗಿಯಿತು.

ಮುಂದಿನ ತಿಂಗಳು ನೇಮಣ್ಣನ ತಾಯಿ, ಸೋದರಮಾವ ಕನ್ಯಾ ನೋಡಲು ಬಂದರು. ಮನೆಯವರೆಲ್ಲ ಏನೇನೋ ಮಾತಾಡಿ ಹಾಡಿನ ಸುದ್ದಿ ಬರದ ಹಾಗೆ ನೋಡಿಕೊಂಡರು. ಸೋದರಮಾವ ಪಾಪ, ರೂಢಿಯಂತೆ, "ಹುಡುಗಿಗೆ ಹಾಡಾಕ ಬರ್ತೈತೇನ್ರಿ?" ಎಂದುಬಿಟ್ಟ. ಅವ್ವ ಮಾತು ಮರೆಸಲು ಚಹಾದ ಕಪ್ಪನ್ನು ಬಶಿಗೆ ಕುಟ್ಟಿ ಸದ್ದು ಮಾಡಿದಳು. ಅಪ್ಪ ಮೇಲಿನ ಜಂತಿ ನೋಡಿದ.

ಪದ್ಮತ್ತಿ ತಲೆ ಎತ್ತಿದಳು. "ಬರ್ತೈತ್ರಿ. ದನಿ ಮಾತ್ರ ದಪ್ಪ ಐತಿ. ಯಾರಿಗರ ನಗು ಬರೂದಿದ್ರ ಮೊದಲ ನಕ್ಕಬಿಡ್ರಿ, ಹಾಡೂಮುಂದ ಬ್ಯಾಡ."

ಯಾರೂ ನಗಲಿಲ್ಲ. ಅವಳು ಹಾಡಿದಳು, ಬಸದಿಯ ಅದೇ ಹಳೆಯ ಪದ. ಮುಗಿದ ಮೇಲೆ ನೇಮಣ್ಣನ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಂದ ಹಾಡ ನನ್ನವ್ವ," ಎಂದಳು. ಎರಡಲ್ಲ, ನಾಲ್ಕು ಹಾಡಾದವು. ಚಹಾ ಆರಿ ನೀರಾಯಿತು.

ಪದ್ಮತ್ತಿ ಕೊಣ್ಣೂರಿಗೆ ಹೋದಳು. ನೇಮಣ್ಣ ಮಾಮಾ ಹಳೆಯ ಜೀಪು ಕೊಂಡು ಊರೂರಿಗೆ ಸುದ್ದಿ ಸಾರುವ ಕೆಲಸವನ್ನೂ ಹಿಡಿದ. ಸಾರುವ ಮಾತನ್ನು ಮನೆಯಲ್ಲೇ ಪದ್ಮತ್ತಿಯಿಂದ ಹೇಳಿಸಿ ಟೇಪ್ ಮಾಡುತ್ತಿದ್ದ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ನೀವಾದರೆ ಆ ದನಿ ಕೇಳಿಯೇ ಇರುತ್ತೀರಿ. ಪೋಲಿಯೋ ಹನಿ, ಸಾಲೆಯ ಅಡ್ಮಿಷನ್, ಕಣ್ಣಿನ ಶಿಬಿರ, ಎಲ್ಲವೂ ಅವಳದೇ. ಸಂಜೆಯ ಹೊತ್ತು ಬಸುರಿಯರ ಕುಬಸದ ಕಾರ್ಯಗಳಲ್ಲಿ ಹಾಡುತ್ತಿದ್ದಳು. ಕರೆ ಬಂದರೆ ಗೋಕಾಕದ ತನಕವೂ ಹೋಗುತ್ತಿದ್ದಳು. ಹಾಡುವುದು ಈಗ ಎಲ್ಲರ ಎದುರಿಗೆ ಕೂತು.

ಕೆಲ ವರ್ಷಗಳ ಮೇಲೆ ನನ್ನ ಮದುವೆ ಹುಕ್ಕೇರಿಗೆ ಆಯಿತು. ಬಂದ ಮೊದಲ ವಾರ ನಾನು ಯಾರ ಎದುರೂ ಅಳಲಿಲ್ಲ, ಗಟ್ಟಿ ಹುಡುಗಿ ಎಂದು ಹೆಸರು ಗಳಿಸಿದ್ದೆ. ಎಂಟನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ದೂರದ ರಸ್ತೆಯಲ್ಲಿ ಜೀಪೊಂದು ಸಾರುತ್ತಾ ಬಂತು: ರೈತ ಬಾಂಧವರೇ, ನಿಮ್ಮ ದನಕರುಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕಿಸಿರಿ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದೆ. ಕಾಲುಬಾಯಿ ಬೇನೆಯ ಸುದ್ದಿ ಕೇಳಿ ಬಿಕ್ಕಿ ಬಿಕ್ಕಿ ಅತ್ತವಳು ಇಡೀ ಹುಕ್ಕೇರಿ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಗಂಡನ ತಾಯಿ ಹಿಂದೆಯೇ ಬಂದರು. "ಯಾಕವಾ? ತವರಮನಿ ಎಮ್ಮಿಗೆ ಏನರ ಆಗೈತೇನು?"

"ಇಲ್ರಿ. ಅದು ನಮ್ಮ ಪದ್ಮತ್ತಿ ದನಿ ರಿ."

ಅವರು ನನ್ನ ಮುಖ ನೋಡಿದರು, ರಸ್ತೆ ನೋಡಿದರು. ಆಮೇಲೆ ತಲೆಯ ಮೇಲೆ ಸೆರಗು ಹೊದ್ದು ನಡುರಸ್ತೆಗೆ ಹೋಗಿ ಜೀಪಿಗೆ ಕೈ ಅಡ್ಡ ಮಾಡಿದರು. ಜೀಪಿನಲ್ಲಿದ್ದವನು ಯಾರೋ ಪಗಾರದ ಡ್ರೈವರ್. "ಒಳಗ ಯಾರೂ ಇಲ್ರಿ ಅವ್ವಾರ, ಬರಿ ಟೇಪ್ ಐತಿ," ಎಂದ.

"ಇರಲಿ. ನಮ್ಮ ಬಾಗಲಾಗ ನಿಂತು ಮೊದಲಿಂದ ಇನ್ನೊಮ್ಮೆ ಹಚ್ಚಪಾ. ನಮ್ಮ ಸೊಸಿ ಕೇಳ್ತಾಳ."

ಅವನು ಟೇಪು ಹಿಂದಕ್ಕೆ ತಿರುಗಿಸಿ ಹಚ್ಚಿದ. ಓಣಿಯವರು ಒಬ್ಬೊಬ್ಬರಾಗಿ ಹೊರಗೆ ಬಂದು, ಲಸಿಕೆ ಯಾವ ದಿನ, ಎಮ್ಮೆಯನ್ನು ಎಲ್ಲಿಗೆ ಹೊಡೆದುಕೊಂಡು ಬರಬೇಕು ಎಂದು ಡ್ರೈವರನನ್ನು ಕೇಳತೊಡಗಿದರು. ನಾನು ಹೊಸಿಲಿನ ಮೇಲೆ ಕೂತು, ದನಕರುಗಳ ಬಾಯಿಂದ ಜೊಲ್ಲು ಸುರಿಯುವುದರಿಂದ ಹಿಡಿದು ಗೊರಸಿನ ಹುಣ್ಣಿನ ತನಕ ಒಂದಕ್ಷರ ಬಿಡದೆ ಕೇಳಿದೆ. ಗಂಡನ ತಾಯಿ ಒಲೆಯ ಮೇಲಿದ್ದ ರೊಟ್ಟಿ ತಿರುವಿ ಹಾಕಲು ಒಳಗೆ ಹೋದರು.